ಮನೆಯಾಕೆಗೊಂದು ಬಿನ್ನವತ್ತಳೆ

ಮುಂಬಯಿಯ ಕನ್ನಡಿಗ ನಿವೃತ್ತಿಯ ಹೊಸ್ತಿಲು ದಾಟುವಾಗ ತಪ್ಪಿಸಿಕೊಳ್ಳಲಾಗದ ಮೂರು ವಸ್ತುಗಳಿವೆ: ಶಾಲು, ಹಣ್ಣಿನ ಬುಟ್ಟಿ, ಬಿನ್ನವತ್ತಳೆ. ಮೊದಲೆರಡು ದಾದರ್ ಮಾರುಕಟ್ಟೆಯಲ್ಲಿ ಸಿಗುತ್ತವೆ. ಮೂರನೆಯದು ಭಾಂಡುಪ್‌ನಲ್ಲಿ, ನಮ್ಮ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ, ನನ್ನಲ್ಲಿ ಸಿಗುತ್ತದೆ. ಬಂಗಾರದ ಬಣ್ಣದ ಅಂಚಿನ ಕಾಗದದ ಮೇಲೆ ಸನ್ಮಾನಿತರ ಗುಣಗಾನ ಅಚ್ಚಾಗಿ, ವೇದಿಕೆಯ ಮೇಲೆ ಗಟ್ಟಿಯಾಗಿ ಓದಿಸಿಕೊಂಡು, ಗಾಜಿನ ಚೌಕಟ್ಟಿನೊಳಗೆ ಕೂತು, ಕೊನೆಗೆ ಅವರ ಮನೆಯ ಗೋಡೆಯಲ್ಲಿ ಒಂದು ಮೊಳೆಯ ಆಸರೆಯಿಂದ ಅಮರತ್ವ ಪಡೆಯುವ ಈ ಸಾಹಿತ್ಯ ಪ್ರಕಾರಕ್ಕೆ ನಾನು ಬಹುಕಾಲದಿಂದ ಸೇವೆ ಸಲ್ಲಿಸುತ್ತ ಬಂದಿದ್ದೇನೆ.

ಇದರ ಶಾಸ್ತ್ರ ಕಠಿಣವೇನಲ್ಲ. ಪ್ರತಿಯೊಂದು ಪ್ಯಾರಾ ಒಂದು ಸಂಬೋಧನೆಯಿಂದ ಶುರುವಾಗಬೇಕು. "ಕೊಡುಗೈ ದಾನಿಗಳೇ!" ಎಂದು ಕರೆದು ದಾನದ ವಿವರ. "ಕಲಾರಾಧಕರೇ!" ಎಂದು ಕರೆದು ಅವರು ಎಂದೋ ಹಾಕಿದ ವೇಷದ ವಿವರ. ಏನೂ ಸಿಗದಿದ್ದರೆ "ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳೇ!" ಇದ್ದೇ ಇದೆ. ಕರೆಯೊಂದು ಸಿಕ್ಕಿತೆಂದರೆ ಉಳಿದದ್ದು ಇಳಿಜಾರಿನ ಸೈಕಲ್ಲಿನಂತೆ ಪೆಡಲಿಲ್ಲದೆ ಓಡುತ್ತದೆ.

ಹೀಗಿರಲಾಗಿ, ಈ ಸಲ ಮಳೆ ಹಿಡಿದ ಹೊತ್ತಿಗೆ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಫೋನು ಮಾಡಿದರು. ಉಡುಪಿ ಕಡೆಯವರು, ಸ್ಟೇಶನ್ನಿನ ಪಕ್ಕದಲ್ಲಿ ಹೋಟೆಲು ನಡೆಸುತ್ತಾರೆ. ಪರೇಲಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನನ್ನ ಹೆಂಡತಿ ಆ ತಿಂಗಳ ಕೊನೆಗೆ ನಿವೃತ್ತಳಾಗುವವಳಿದ್ದಳು. ಸಂಘ ಅವಳನ್ನು ಸನ್ಮಾನಿಸುವುದೆಂದು ನಿರ್ಧರಿಸಿತ್ತು.

"ಅಕ್ಕನದ್ದು ನೀವೇ ಬರೀಬೇಕು ಮಾರಾಯ್ರೆ," ಎಂದರು. "ಗುರುವಾರ ಪ್ರಿಂಟಿಗೆ ಕೊಡುವ. ನಿಮಗೆಂತ, ಸರಕು ಮನೆಯಲ್ಲೇ ಉಂಟಲ್ಲ. ಒಂದು ಚಾ ಕುಡಿಯುವಷ್ಟರ ಕೆಲಸ."

ಚಾ ಕುಡಿದೆ. ಇನ್ನೊಂದು ಕುಡಿದೆ. ಕಾಗದ ಮೊದಲಿನಷ್ಟೇ ಪರಿಶುದ್ಧವಾಗಿತ್ತು.

"ಮಾನ್ಯರೇ" ಎಂದು ಬರೆದು ನೋಡಿದೆ. ಒಳಗೆ ಮಾನ್ಯರು ಪಡವಲಕಾಯಿ ಹೆಚ್ಚುತ್ತಿದ್ದರು. ಹೊಡೆದುಹಾಕಿದೆ. "ವಿದ್ಯಾದಾನಿಗಳೇ" ಎನ್ನೋಣವೆಂದರೆ ಅದನ್ನು ಹೋದ ವರ್ಷವಷ್ಟೇ ಒಬ್ಬ ಕೋಚಿಂಗ್ ಕ್ಲಾಸಿನ ಮಾಲೀಕರಿಗೆ ತೊಡಿಸಿದ್ದೆ. "ಮಾತೃಹೃದಯಿಗಳೇ" ಒಬ್ಬ ಲಿಫ್ಟ್ ಕಂತ್ರಾಟದಾರರ ಪಾಲಾಗಿತ್ತು. ಅವರ ಹೃದಯದ ಬಗ್ಗೆ ಬೇರೆ ಮಾಹಿತಿ ಸಿಕ್ಕಿರಲಿಲ್ಲ. ಕುರ್ಚಿ ಸರಿಯಿಲ್ಲವೆನಿಸಿ ಕಿಟಕಿಯ ಬಳಿ ಎಳೆದೆ. ಕಿಟಕಿಯಲ್ಲಿ ಗಾಳಿ ಹೆಚ್ಚೆನಿಸಿ ಬಾಗಿಲ ಬಳಿ ತಂದೆ. ಸಂಜೆಯೊಳಗೆ ಆ ಕುರ್ಚಿ ನಾನು ಬರೆದುದಕ್ಕಿಂತ ಹೆಚ್ಚು ದೂರ ಕ್ರಮಿಸಿತ್ತು.

ಹೆಂಡತಿ ಈಳಿಗೆಮಣೆಯಿಂದಲೇ ನೋಡುತ್ತಿದ್ದಳು.

"ಒಂದ್ ಮಾತು ಹೇಳ್ತೀನಿ," ಎಂದಳು. "ಊರ ಮಂದಿಗೆಲ್ಲಾ ಹಂಚಿದ್ದನ್ನ ನನಗ ಬಡಸಬ್ಯಾಡ್ರಿ. ಆ ಸಾಕಾರಮೂರ್ತಿ ಅಂತೂ ಮೊದಲ ಬ್ಯಾಡ. ನನಗ ಎಲ್ಲಾ ಗುರ್ತ ಅದಾವ."

ಗುರುತು ಇರಲೇಬೇಕು. ನಾನು ಬರೆದ ಪ್ರತಿಯೊಂದು ಬಿನ್ನವತ್ತಳೆಯ ಕರಡನ್ನು ಮೊದಲು ಓದಿ ತಿದ್ದಿದವಳು ಅವಳೇ.

"ಹಂಗಾರ ಬರದ ಮ್ಯಾಲ ನೀನ ಒಮ್ಮೆ ನೋಡಿಬಿಡು."

"ನಾ ನೋಡೂದಿಲ್ಲ. ಇಷ್ಟ ವರ್ಷ ಮಂದೀದೆಲ್ಲಾ ಮೊದಲ ಓದೀನಿ. ನಂದಷ್ಟ ಎಲ್ಲಾರ ಜೋಡಿ ಕೂತು ಕೇಳ್ತೀನಿ."

ದನಿ ಹಗುರವಾಗಿಯೇ ಇತ್ತು. ಆದರೆ ಅಷ್ಟು ಹೇಳುವಾಗ ಹೆಚ್ಚುವ ಕೈ ನಿಂತಿತ್ತು. ಅವಳು ಕಾದಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು. ಗೊತ್ತಾದದ್ದೇ ತಡ, ಕಟ್ಟಿಕೊಂಡಿದ್ದ ಪೆನ್ನು ಇನ್ನಷ್ಟು ಕಟ್ಟಿಕೊಂಡಿತು.

ಬಾಂದ್ರಾದ ಆಫೀಸಿನಿಂದ ಬಂದ ಮಗಳು ನನ್ನ ಅವಸ್ಥೆ ಕಂಡು ಚಪ್ಪಲಿ ಬಿಡುವ ಮೊದಲೇ ಪರಿಹಾರ ಕೊಟ್ಟಳು. "ಪಪ್ಪಾ, ಇಷ್ಟು ಟೆನ್ಶನ್ ಯಾಕೆ? 'ಡಿಯರ್' ಅಂತ ಹಾಕು ನಾ. ಅಮ್ಮಾಗೆ ಚಲೇಗಾ."

"ಬಿನ್ನವತ್ತಳೆಯಲ್ಲಿ ಡಿಯರ್ ಬರೂದಿಲ್ಲ."

"ತೋ ಫೋನಿಗೆ ಹೇಳು. ಅದು ಬರೀತದೆ. ಕನ್ನಡ ಭೀ ಬರ್ತದೆ ಅದಕ್ಕೆ, ನನಗಿಂತ ಅಚ್ಛಾ."

ಹೇಳಿಯೇ ಬಿಟ್ಟಳು. ಫೋನು ಕಣ್ಣು ಮಿಟುಕಿಸುವುದರೊಳಗೆ ಒಂದು ಪುಟ ತುಂಬಿಸಿತು. ಮೊದಲ ಸಾಲಿನಲ್ಲೇ "ಸರಳ ಸಜ್ಜನಿಕೆಯ ಸಾಕಾರಮೂರ್ತಿ" ವಿರಾಜಮಾನವಾಗಿತ್ತು. ನನ್ನ ಅಂಗಡಿಯ ಸರಕನ್ನೇ ನನಗೆ ಮರಳಿ ಮಾರಿದ ಆ ಯಂತ್ರಕ್ಕೆ ನಾನು ಕೈ ಮುಗಿದೆ. ಅಡುಗೆಮನೆಯಿಂದ ಯಾರೋ ನಕ್ಕ ಹಾಗೆ ಕೇಳಿಸಿತು.

ಮರುದಿನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಸ್ಟೇಶನ್ನಿನವರೆಗೆ ನಡೆದೆ, ವಾಪಸು ಬಂದೆ, ಮತ್ತೆ ನಡೆದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ. ಕಾರ್ಯದರ್ಶಿಗಳಿಗೆ ಅವಳು ಅಕ್ಕ. ಬಿಲ್ಡಿಂಗಿನ ಮಕ್ಕಳಿಗೆ ಆಂಟಿ. ತರಕಾರಿಯವನಿಗೆ ಭಾಭೀ. ಈ ಮಹಾನಗರದಲ್ಲಿ ಅವಳನ್ನು ಕರೆಯಲು ಒಂದು ಪದವೂ ಇಲ್ಲದವನು ನಾನೊಬ್ಬನೇ. ನಾವು ಧಾರವಾಡದ ಕಡೆಯವರು. ನಮ್ಮ ಮನೆಯಲ್ಲಿ ಹಿರಿಯರೆದುರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಸಭ್ಯತೆಯಾಗಿರಲಿಲ್ಲ. ಹಿರಿಯರು ಹೋದರು, ಸಭ್ಯತೆ ಉಳಿಯಿತು. ಬೇಕಾದಾಗ ಅಡುಗೆಮನೆಯ ದಿಕ್ಕಿಗೆ "ಕೇಳಸ್ತೇನು?" ಎನ್ನುತ್ತೇನೆ. "ಕೇಳಸ್ತು, ಹೇಳ್ರಿ" ಎಂದು ಬರುತ್ತದೆ. ನಮ್ಮ ಮನೆಯ ಅಳತೆಗೆ ಅದಕ್ಕಿಂತ ಹೆಚ್ಚಿನ ವಿಳಾಸ ಬೇಕಾಗಿರಲಿಲ್ಲ.

ಮೂರನೆಯ ಸಲ ಸ್ಟೇಶನ್ ಮುಟ್ಟಿದಾಗ ಎದುರಿಗೊಂದು ಸ್ಲೋ ಲೋಕಲ್ ನಿಂತಿತ್ತು. ಹತ್ತಿದೆ. ನನ್ನ ನೌಕರಿಯ ಕಾಲದಲ್ಲಿ ನಾವಿಬ್ಬರೂ ಬೆಳಿಗ್ಗೆ ಇದೇ ಗಾಡಿ ಹಿಡಿಯುತ್ತಿದ್ದೆವು. ಅವಳು ಹೆಂಗಸರ ಡಬ್ಬಿಗೆ, ನಾನು ಗಂಡಸರ ಡಬ್ಬಿಗೆ. ಪರೇಲಿನಲ್ಲಿ ಅವಳು ಇಳಿದು ಹೋಗುವಾಗ, ಮುಂದೆ ಫೋರ್ಟಿನ ಆಫೀಸಿಗೆ ಹೋಗುವ ನನಗೆ ಜನರ ತಲೆಗಳ ಸಂದಿಯಲ್ಲಿ ಅವಳ ನೀಲಿ ಚೀಲವಷ್ಟೇ ಕಾಣುತ್ತಿತ್ತು. ಕಂಡರೆ, ಸರಿ, ತಲುಪಿದಳು ಎಂದುಕೊಂಡು ಪೇಪರ್ ಬಿಡಿಸುತ್ತಿದ್ದೆ. ಅವಳ ಶಾಲೆಯ ಗೇಟಿನವರೆಗೆ ಒಮ್ಮೆಯೂ ಹೋದವನಲ್ಲ.

ಈಗ ಹೋದೆ. ಹಳೆಯ ಮಿಲ್ಲುಗಳ ಜಾಗದಲ್ಲಿ ಎದ್ದ ಗಾಜಿನ ಕಟ್ಟಡಗಳ ನಡುವೆ ಶಾಲೆ ಕುಳ್ಳಗೆ ನಿಂತಿತ್ತು. ಗೇಟಿನ ಕಾವಲುಗಾರ ನನ್ನ ಕನ್ನಡ ಕೇಳಿದ್ದೇ ಬೆಂಚಿನಿಂದ ಎದ್ದ.

"ಯಾರ್ ಬೇಕಾಗಿತ್ರೀ ಸಾಹೇಬ್ರ?"

ಯಾರು ಬೇಕೆನ್ನಲಿ? "ಕನ್ನಡ ಕಲಿಸ್ತಾರಲ್ಲ, ಅವರು," ಎಂದೆ.

"ಟೀಚರ್ ಬಾಯಾರೇನ್ರಿ? ಕ್ಲಾಸಿನ್ಯಾಗ ಅದಾರ. ಕೇಳ್ರಲ್ಲಾ, ಅವರದ ದನಿ."

ಕೇಳಿದೆ. ಮೇಲಿನ ಕಿಟಕಿಯಿಂದ ಹುಡುಗರು ಒಟ್ಟಾಗಿ "ಬಾಯೀ! ಬಾಯೀ!" ಎಂದು ಅರಚುತ್ತಿದ್ದರು. ಅದರ ಮೇಲೆ ಅವಳ ದನಿ: "ಏಕ್ ಏಕ್ ಕರಕೇ! ಒಬ್ಬೊಬ್ಬರ ಹೇಳ್ರಿ, ಸಂತಿ ಅಲ್ಲ ಇದು!" ಮನೆಯಲ್ಲಿ ಅವಳು ಎಂದೂ ಅಷ್ಟು ಗಟ್ಟಿಯಾಗಿ ಮಾತಾಡಿದವಳಲ್ಲ. ಮಾತಾಡುವ ಅಗತ್ಯ ಬಿದ್ದಿರಲಿಕ್ಕಿಲ್ಲ.

"ಕರೀಲೇನ್ರಿ? ನೀವು ಬಾಯಾರಿಗೆ ಏನಾಗಬೇಕು?"

ಸರಳ ಪ್ರಶ್ನೆ. ನಾನೋ ವಾಕ್ಯಗಳ ವ್ಯಾಪಾರಿ. ಬಾಯಿಂದ ಬಂದದ್ದು ಮಾತ್ರ ಇಷ್ಟು: "ಏನಿಲ್ಲ, ಒಂದು ಬರಹದ ಕೆಲಸ ಇತ್ತು. ಆಮೇಲೆ ಬರ್ತೀನಿ." ಅಂದವನೇ ಮಳೆಯಲ್ಲಿ ಸ್ಟೇಶನ್ನಿನ ಕಡೆ ಹೆಜ್ಜೆ ಹಾಕಿದೆ. ತಲೆ ತೋಯುತ್ತಿದೆ ಎಂಬುದು ಸೇತುವೆಯ ಮೆಟ್ಟಿಲ ಮೇಲೆ ತಿಳಿಯಿತು.

ಸಂಜೆ ಅವಳು ಮನೆಗೆ ಬಂದು, ನೀಲಿ ಚೀಲದ ಪಕ್ಕದಲ್ಲಿ ನನ್ನ ಕೊಡೆಯನ್ನು ಒರಗಿಸಿದಳು.

"ಇವತ್ತ ನಮ್ಮ ಸಾಲಿಗೆ ಯಾರೋ ಬರಹದ ಕೆಲಸದವರು ಬಂದಿದ್ರಂತ," ಎಂದಳು. "ಪಾಪ, ಹಿಡಿಕಿ ಮುರದಿದ್ದ ಕೊಡಿ ಗೇಟಿನ್ಯಾಗ ಮರ್ತು ಹೋಗ್ಯಾರ."

"ಹೌದೇನು," ಎಂದೆ.

"ಹ್ಞೂಂ. ಒಳಗ ಬಂದಿದ್ರ ಚಾ ಆದ್ರೂ ಕುಡಸ್ತಿದ್ದೆ."

ಮುಖ ತೊಳೆಯಲು ಒಳಗೆ ಹೋದಳು. ನಾನು ಆ ಕೊಡೆಯನ್ನು, ಅದರಿಂದ ನೆಲಕ್ಕೆ ಇಳಿಯುತ್ತಿದ್ದ ನೀರನ್ನು ನೋಡುತ್ತ ಕೂತೆ. ಏನಾದರೂ ಹೇಳಬೇಕೆನಿಸಿತು.

"ಕೇಳಸ್ತೇನು?" ಎಂದೆ.

"ಕೇಳಸ್ತು, ಹೇಳ್ರಿ."

"ಏನಿಲ್ಲ."

ಏನಿಲ್ಲವೆಂದವನು ಕುರ್ಚಿಯನ್ನು ಇದ್ದಲ್ಲೇ ಬಿಟ್ಟು ಬರೆಯತೊಡಗಿದೆ. ಕುಕ್ಕರಿನ ಸೀಟಿ, ಮಗಳ ಫೋನು, ಕೆಳಗಿನ ರಿಕ್ಷಾಗಳ ಜಗಳ, ಯಾವುದೂ ಅಡ್ಡ ಬರಲಿಲ್ಲ. ಒಂದು ಪುಟ ತುಂಬಿತು. ಊಟಕ್ಕೆ ಕರೆದಾಗ ಕಾಗದವನ್ನು ಮಡಚಿ ಜೇಬಿಗೆ ಸೇರಿಸಿದೆ. ಅವಳು ಕೇಳಲಿಲ್ಲ. ಸಾರು ಮಾತ್ರ ಎರಡು ಸಲ ಬಡಿಸಿದಳು.

ಗುರುವಾರ ಕಾರ್ಯದರ್ಶಿಗಳ ಫೋನು ಬಂತು. "ಇದೆಂತ ಮಾರಾಯ್ರೆ? ಮಾನ್ಯರೇ ಇಲ್ಲ, ಸಹೃದಯಿ ಇಲ್ಲ, ತಾವೂ ಇಲ್ಲ, ನೀನು ಅಂತ ಬರ್ದಿದ್ದೀರಿ! ಪ್ರಿಂಟಿನವ ನಗಾಡ್ತಾನೆ. ಅರ್ಧ ಕಾಗದ ಖಾಲಿ ಉಳೀತದೆ."

"ಖಾಲಿ ಇರೋ ಕಡೆ ಒಂದು ಹೂವು ಹಾಕಿಸಿ," ಎಂದೆ.

ಭಾನುವಾರ ಸಭಾಗೃಹ ಒದ್ದೆ ಕೊಡೆಗಳಿಂದಲೂ ಉಪ್ಪಿಟ್ಟಿನ ವಾಸನೆಯಿಂದಲೂ ತುಂಬಿತ್ತು. ಹೆಂಡತಿ ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ತರಗತಿಗೆ ತನಿಖೆಯವರು ಬಂದಿದ್ದಾರೋ ಎಂಬಂತೆ ನೆಟ್ಟಗೆ ಕುಳಿತಿದ್ದಳು. ನನ್ನ ಕಡೆ ನೋಡಲಿಲ್ಲ. ಮುಂದಿನ ಸಾಲಿನಲ್ಲಿ ಮಗಳು ಫೋನು ಎತ್ತಿ ಹಿಡಿದಳು. ನಾನು ಅಚ್ಚಾದ ಕಾಗದವನ್ನು ಕೈಗೆತ್ತಿಕೊಂಡೆ. ಮೈಕಿನ ಮುಂದೆ ನಿಂತು ಮೊದಲ ಸಾಲು ಓದಿದೆ:

"ಕೇಳಸ್ತೇನು?"

"ಕೇಳ್ತಾ ಉಂಟು, ಕೇಳ್ತಾ ಉಂಟು! ಓದಿ ನೀವು," ಎಂದು ಹಿಂದಿನ ಸಾಲಿನಿಂದ ಯಾರೋ ಧೈರ್ಯ ತುಂಬಿದರು. ಒಂದೆರಡು ಕಡೆ ನಗೆ ಎದ್ದಿತು.

ನಾನು ಓದಲಿಲ್ಲ. ಕಾದೆ.

ಅವಳು ಬುಟ್ಟಿಯ ಹಿಡಿಕೆ ಬಿಟ್ಟಳು. ತಲೆ ತಿರುಗಿಸಲಿಲ್ಲ. ಸಭೆಯನ್ನೇ ನೋಡುತ್ತ, ಕ್ಲಾಸಿನ ದನಿಯಲ್ಲಲ್ಲ, ಮನೆಯ ದನಿಯಲ್ಲಿ ಹೇಳಿದಳು:

"ಕೇಳಸ್ತು, ಹೇಳ್ರಿ."