ಬ್ರೇಕ್ ವಾಜಿದ್ ಸಾಬರು
ಬಟವಾಡಿಯ ಮೆಕ್ಯಾನಿಕ್ ವಾಜಿದ್ ಸಾಬರ ಪ್ರಕಾರ ಕಾರಿಗೆ ಎಂಜಿನ್ ಇರುವುದೇ ಬ್ರೇಕಿಗೆ ಕೆಲಸ ಕೊಡುವುದಕ್ಕೆ. "ಓಡ್ಸೋದು ಯಾರ್ ಬೇಕಾದ್ರೂ ಓಡಿಸ್ತಾರೆ ಸ್ವಾಮಿ, ನಿಲ್ಸೋದ್ ಹೇಳಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬ್ರೇಕಿನ ರಬ್ಬರ್ ಮುಟ್ಟುವ ಮೊದಲು ನಮಾಜಿಗೆ ಹೊರಟವರ ಹಾಗೆ ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ೧೯೮೨ರಲ್ಲಿ ಗುಬ್ಬಿಯ ತೆಂಗಿನ ತೋಟದ ಪುಟ್ಟರಂಗಯ್ಯ ತಮ್ಮ ಹಳೆಯ ಎರಡು ಸೀಟಿನ ವಿಲಾಯ್ತಿ ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ತಂದರು. ಮುಂದಿನ ಚಕ್ರಗಳನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್‌ಗಳು ಸವೆದು, ತುಕ್ಕು ಹಿಡಿದಿದ್ದವು. "ಹೊಸಾವು ಎಲ್ಲೂ ಸಿಗಲ್ವಂತೆ, ಗುಜರಿಗೆ ಹಾಕ್ಬುಡ್ಲಾ ಸಾಬ್ರೇ?" ಎಂದು ಅವರು ಕೇಳಿದಾಗ, ಕಾರಿನ ಎದುರಿಗೆ ಇಂಥ ಮಾತಾಡಬಾರದೆಂದು ಸಾಬರು ಅವರನ್ನು ಹೊರಗೆ ಕರೆದೊಯ್ದರು. ಅಂತರಸನಹಳ್ಳಿಯ ಲೇತ್ ಅಂಗಡಿಯಲ್ಲಿ ಕ್ಯಾಲಿಪರ್‌ಗಳಿಗೆ ಹೊಸ ಪಿಸ್ಟನ್ ಮಾಡಿಸಿ, ರಬ್ಬರ್ ಬದಲಿಸಿ, ಒಂಬತ್ತನೆಯ ದಿನ ಕಾರನ್ನು ಸಿದ್ಧಮಾಡಿದರು. ಪರೀಕ್ಷೆಗೆ ಹೊರಟಾಗ, ಊಟ ತಂದಿದ್ದ ಹೆಂಡತಿ ಜಮಾಲುನ್ನೀಸಾ ಬುತ್ತಿ ಕೆಳಗಿಟ್ಟು ಪಕ್ಕದ ಸೀಟಿಗೆ ಬಂದು ಕೂತರು. ಬ್ರೇಕ್ ಹಿಡಿಯದ ಲಾರಿಯಲ್ಲಿ ತಮ್ಮನನ್ನು ಕಳೆದುಕೊಂಡ ಮೇಲೆ ಆಕೆ ಹನ್ನೆರಡು ವರ್ಷ ಯಾವ ಗಾಡಿಯನ್ನೂ ಹತ್ತಿರಲಿಲ್ಲ, ಊರೆಲ್ಲ ನಡೆದೇ ಓಡಾಡುತ್ತಿದ್ದರು. ಸಾಬರಿಗೆ ಬ್ರೇಕಿನ ಹುಚ್ಚು ಹಿಡಿದದ್ದೂ ಆಗಿನಿಂದಲೇ. ಕುಣಿಗಲ್ ರಸ್ತೆಯ ಇಳಿಜಾರಿನಲ್ಲಿ ಸಾಬರು ಬ್ರೇಕ್ ಪೆಡಲ್ ಒತ್ತಿದರು. ಕಾರು ಯಾವ ಪಕ್ಕಕ್ಕೂ ಎಳೆಯದೆ ನೆಟ್ಟಗೆ ನಿಂತಿತು. ಜಮಾಲುನ್ನೀಸಾ ಬಾಗಿಲ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ಮಡಿಲಿಗೆ ತಂದುಕೊಂಡರು. "ಕುಣಿಗಲ್‌ನಲ್ಲಿ ಅಕ್ಕನ್ ಮನೆ ನೋಡಿ ಎಷ್ಟ್ ವರ್ಷ ಆಯ್ತು" ಎಂದರು. "ಹಂಗೇ ನಡೀರಿ, ಹೋಗ್ಬರೋಣ."