ಅಂಚಿನ ಸಣ್ಣ ಸುತ್ತು

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಕಮ್ಮಾರ ಭರಮಣ್ಣನನ್ನು ಹುಡುಕಿಕೊಂಡು ಬಂದವರಿಗೆ ಅವನ ಮೈ ಕುಲುಮೆಯ ಮುಂದೆಯೇ ಸಿಗುತ್ತಿತ್ತು, ಮನಸ್ಸು ಎಲ್ಲಿದೆ ಎಂದು ಮಾತ್ರ ಯಾರಿಗೂ ಹೇಳಲಾಗುತ್ತಿರಲಿಲ್ಲ. ಎತ್ತಿದ ಸುತ್ತಿಗೆಯನ್ನು ಎತ್ತಿದ ಹಾಗೆಯೇ ಹಿಡಿದು, ತಿದಿಯ ಗಾಳಿಗೆ ಬೂದಿ ಸುತ್ತುಸುತ್ತಾಗಿ ಏಳುವುದನ್ನು ನೋಡುತ್ತ ನಿಂತುಬಿಡುತ್ತಿದ್ದ. ಅಷ್ಟರಲ್ಲಿ ಕೆಂಪಗಿದ್ದ ಕಬ್ಬಿಣ ಕಪ್ಪಾಗಿರುತ್ತಿತ್ತು. ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದು ಲೋಕಕ್ಕೆಲ್ಲ ಬುದ್ಧಿ ಹೇಳಿದ ಕಸುಬು ಇದು. ಆ ಮಾತು ಕಿವಿಗೆ ಬೀಳದ ಕಮ್ಮಾರ ಇಡೀ ಮದರಾಸು ಪ್ರಾಂತ್ಯದಲ್ಲಿ ಇವನೊಬ್ಬನೇ ಎಂದು ಪಕ್ಕದ ಹಿಟ್ಟಿನ ಗಿರಣಿಯ ಅಂಜಿನಯ್ಯ ನಗುತ್ತಿದ್ದ.

ಹಾಗಂತ ಅವನು ಸೋಮಾರಿಯಲ್ಲ. ಕಂಪ್ಲಿಯ ಕಬ್ಬಿನ ಗಾಣಗಳ ಕೊಪ್ಪರಿಗೆಗಳು ತೂತು ಬಿದ್ದರೆ ಬಂಡಿಯೇರಿ ಇವನ ಬಳಿಗೇ ಬರುತ್ತಿದ್ದವು. ಬೆಲ್ಲ ಕಾಸುವ ಆ ಕೊಪ್ಪರಿಗೆಗಳು ಎಷ್ಟು ದೊಡ್ಡವೆಂದರೆ, ತಳಕ್ಕೆ ಹತ್ತಿದ ಕರಕಲು ತಿಕ್ಕಬೇಕಾದರೆ ಹೆಂಗಸರು ಅದರೊಳಗೇ ಇಳಿದು ಕೂರಬೇಕು. ಇಟ್ಟಿಗೆಪುಡಿ, ತೆಂಗಿನ ನಾರು, ಅಂಗೈ. ಭರಮಣ್ಣನ ಹೆಂಡತಿ ಕಂಪ್ಲಿಯ ಅಂಥ ಗಾಣದ ಮನೆಯಿಂದಲೇ ಬಂದವಳು. ಮದುವೆಯಲ್ಲಿ ಅವಳ ಕೈ ಹಿಡಿದಾಗ ಅವನಿಗೆ ಮೊದಲು ಅನಿಸಿದ್ದು, ಇದು ಕಬ್ಬಿಣ ಉಜ್ಜುವ ತನ್ನ ಅರಕ್ಕಿಂತ ಒರಟಾಗಿದೆಯಲ್ಲ ಎಂದು. ಅಂಗೈಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಯಾವ ಜೋಯಿಸನೂ ಅವಳ ಭವಿಷ್ಯ ಹೇಳುವಂತಿರಲಿಲ್ಲ.

ಆ ಮದುವೆಯ ದಿನದ ಒಂದು ಬಾಕಿ ಉಳಿದುಹೋಗಿತ್ತು. ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಆಯುಷ್ಯ ಸವೆಯುತ್ತದೆ ಎಂಬುದು ಆ ಕಡೆಯ ನಂಬಿಕೆ. ಅದಕ್ಕಿದ್ದ ಒಂದೇ ಒಂದು ವಿನಾಯಿತಿ ಒಡಪು. ಹೊಸ ಜೋಡಿ ಮನೆ ಹೊಗುವಾಗ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾರೆ. ಪದ್ಯ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿದವರಿಗೇ ದಾರಿ. ಅವಳು ಥಟ್ಟನೆ ಹೇಳಿದಳು. ಇವನು ಬಾಯಿ ತೆರೆದ, ಮುಚ್ಚಿದ, ಬೆವೆತ. ನೆರೆಮನೆಯ ದುರುಗವ್ವ ಬಾಗಿಲ ಚೌಕಟ್ಟು ಹಿಡಿದು ಎಷ್ಟು ಹೊತ್ತು ನಿಂತರೂ ಅವನ ಬಾಯಿಂದ ಒಡಪು ಹೊರಡಲಿಲ್ಲ. ಕೊನೆಗೆ ಮದುಮಗಳೇ ನಕ್ಕು, ಹೋಗಲಿ ಬಿಡ್ರಿ, ಇನ್ನೊಮ್ಮೆ ಹೇಳ್ತಾರ ಎಂದು ದಾರಿ ಬಿಡಿಸಿದಳು. ಆ ಇನ್ನೊಮ್ಮೆ ಬರಲೇ ಇಲ್ಲ. ಅವಳು ಅವನಿಗೆ ಇಕಿಯಾಗಿ, 'ಕೇಳಿತೇನು' ಆಗಿ, ಮನೆಯಾಕಿಯಾಗಿ ಉಳಿದಳು. ತಲೆಯಲ್ಲಿ ನರೆ ಮೂಡಿದರೂ ಆ ಹೆಸರು ಅವನ ನಾಲಿಗೆಯ ಮೇಲೆ ಒಮ್ಮೆಯೂ ಬಂದಿರಲಿಲ್ಲ.

ಕೆಲಸವಿಲ್ಲದ ದಿನ ಭರಮಣ್ಣ ಹಂಪಿಗೆ ನಡೆದುಹೋಗಿ ಚಕ್ರತೀರ್ಥದ ಬಂಡೆಯ ಮೇಲೆ ಕೂರುತ್ತಿದ್ದ. ಅಲ್ಲಿ ಹೊಳೆ ತಿರುವು ತೆಗೆದುಕೊಂಡು ತನ್ನನ್ನು ತಾನೇ ಸುತ್ತುತ್ತದೆ. ಒಂದು ಒಣ ಎಲೆ ಬಿದ್ದರೆ ಸುಳಿಯ ಜೊತೆ ಸುತ್ತುತ್ತಿತ್ತು, ಸುಳಿ ಮೆಲ್ಲಗೆ ಮುಂದೆ ಸರಿಯುತ್ತಿತ್ತು, ಆ ಸುಳಿಯೂ ಇನ್ನೊಂದು ದೊಡ್ಡ ಸುತ್ತಿನೊಳಗೆ ಇರುತ್ತಿತ್ತು. ನೋಡುತ್ತ ನೋಡುತ್ತ ಬಂಡೆಯೂ ಸುತ್ತಿದಂತೆ, ಆಚೆ ದಡದ ಗುಡ್ಡಗಳು ತಮ್ಮ ಗುಂಡುಕಲ್ಲುಗಳನ್ನು ಹೊತ್ತು ನಿಧಾನಕ್ಕೆ ತಿರುಗಿದಂತೆ ಅನಿಸುತ್ತಿತ್ತು. ಕಣ್ಣು ಮುಚ್ಚಿದರೆ ಸುತ್ತು ಇನ್ನೂ ನಡೆದೇ ಇರುತ್ತಿತ್ತು. ಅವನು ಸುಖವಾಗಿದ್ದದ್ದು ಅಲ್ಲಿ ಮಾತ್ರ ಎಂದರೆ ತಪ್ಪಾಗದು.

ಒಂದು ಸಂಕಟವೂ ಅಲ್ಲಿಯೇ ಹುಟ್ಟಿತ್ತು. ಹಂಪಿಯ ಕಲ್ಲುಗಳ ಮೇಲೆ ಓದುಬಲ್ಲವರು ಅವನಿಗೆ ತೋರಿಸಿದ ಹೆಸರುಗಳೆಲ್ಲ ಕಟ್ಟಿಸಿದ ರಾಜರವು, ದಾನ ಕೊಟ್ಟವರವು. ಉಳಿ ಹಿಡಿದವನ ಹೆಸರು ಅವನ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಅವನ ಅಪ್ಪ ಸಂಡೂರು ಸೀಮೆಗೆಲ್ಲ ನೇಗಿಲ ಗುಳ ಮಾಡಿಕೊಟ್ಟವನು; ಅಪ್ಪ ಸತ್ತ ಮೇಲೆ ಗುಳಗಳು ಉಳಿದವು, ಮಾಡಿದವನನ್ನು ಯಾರೂ ಕೇಳಲಿಲ್ಲ. ತಾನು ಮಾಡಿದ ಒಂದಾದರೂ ವಸ್ತುವಿಗೆ ತನ್ನ ಹೆಸರು ಅಂಟಿಕೊಂಡಿರಬೇಕು ಎಂಬ ಆಸೆ ಅವನನ್ನು ಒಳಗೊಳಗೇ ಸುಡುತ್ತಿತ್ತು.

ಆ ಆಸೆ ಮತ್ತು ಆ ಸುಳಿ ಸೇರಿ ಒಂದು ಯಂತ್ರವಾಯಿತು. ಸೂರಿನ ತೊಲೆಯಿಂದ ಇಳಿಬಿದ್ದ, ಮೊಣಕೈಯಂತೆ ಮಡಚುವ ಒಂದು ಕಬ್ಬಿಣದ ತೋಳು. ಅಂಜಿನಯ್ಯನ ಗಿರಣಿಯ ಎಂಜಿನ್ನಿನಿಂದ ಗೋಡೆಯ ಕಿಂಡಿ ಹಾದು ಬಂದ ಚರ್ಮದ ಪಟ್ಟಾ ಆ ತೋಳಿನ ತುದಿಯ ಗಾಲಿಯನ್ನು ತಿರುಗಿಸುತ್ತಿತ್ತು. ಗಾಲಿಯ ನಡುವಿನಿಂದ ತುಸು ಪಕ್ಕಕ್ಕೆ ಸರಿಸಿ ನಿಲ್ಲಿಸಿದ ಗೂಟಕ್ಕೆ ತಿಕ್ಕುವ ಕಲ್ಲು. ಗಾಲಿ ತಿರುಗಿದರೆ ಕಲ್ಲು ಬುಗುರಿಯಂತೆ ಗಿರಗಿರನೆ ತಿರುಗದೆ, ಸುಳಿಯೊಳಗಿನ ಎಲೆಯಂತೆ ಸುತ್ತು ಹೊಡೆಯುತ್ತಿತ್ತು. ಇನ್ನು ಮುಂದೆ ಹೆಂಗಸರು ಕೊಪ್ಪರಿಗೆಯೊಳಗೆ ಕೂತು ಕೈ ಸವೆಸಬೇಕಾಗಿಲ್ಲ ಎಂದು ಅಂಜಿನಯ್ಯನಿಗೆ ಹೇಳಿದ.

ಮಾಡಿದವನ ಕೈಗೆ ಹತ್ಯಾರ ಸುಳ್ಳು ಹೇಳುತ್ತದೆ ಎಂದು ಅವನ ಅಪ್ಪ ಹೇಳುತ್ತಿದ್ದ. ಅವರ ಮನೆತನದಲ್ಲಿ ಹೊಸ ಹತ್ಯಾರವನ್ನು ಮಾಡಿದವನು ಮೊದಲು ಹಿಡಿಯುವಂತಿಲ್ಲ. ಬೇರೆಯವರ ಕೈಗೆ ಕೊಟ್ಟು ಸುಮ್ಮನೆ ನೋಡಬೇಕು. ಹಾಗಾಗಿ ಗಿರಣಿಗೆ ರಜೆಯಿದ್ದು ಎಂಜಿನ್ನು ಬಿಡುವಾಗಿ ಸಿಕ್ಕ ಒಂದು ಮಧ್ಯಾಹ್ನ, ರಿಪೇರಿಗೆ ಬಂದಿದ್ದ ಕೊಪ್ಪರಿಗೆಯ ಮೇಲೆ ಯಂತ್ರ ಇಳಿಸಿ, ಹಿಡಿಕೆಯನ್ನು ಹೆಂಡತಿಯ ಕೈಗೆ ಕೊಟ್ಟ. ತಳ ನೋಡನೋಡುತ್ತ ಬೆಳ್ಳಗಾಯಿತು. ಅಂಚಿನ ಹತ್ತಿರ ಬಂದದ್ದೇ ಕಲ್ಲು ಕೊಪ್ಪರಿಗೆಯ ಗೋಡೆಗೆ ಬಡಿದು, ಅದು ಗುಡಿಯ ಗಂಟೆಯ ಹಾಗೆ ಮೊಳಗಿತು. ಮತ್ತೆ ಇಟ್ಟರು, ಮತ್ತೆ ಬಡಿಯಿತು. ಭರಮಣ್ಣನ ಮುಖ ಇಳಿದುಹೋಯಿತು.

ಅವಳು ಹಿಡಿಕೆ ಬಿಟ್ಟು, ಸೀರೆ ಎತ್ತಿ ಕಟ್ಟಿ, ಕೊಪ್ಪರಿಗೆಯೊಳಗೆ ಇಳಿದಳು. ತಳದಲ್ಲಿ ಅಂಗೈ ಇಟ್ಟು ಭುಜದಿಂದ ದೊಡ್ಡ ಸುತ್ತು ಹಾಕಿದಳು. ಗೋಡೆ ಹತ್ತುತ್ತಿದ್ದಂತೆ ಸುತ್ತು ಮೊಣಕೈಗೆ ಬಂತು, ಅಂಚಿಗೆ ಬರುವ ಹೊತ್ತಿಗೆ ಬರೀ ಮಣಿಕಟ್ಟಿನಲ್ಲಿ ಆಡುತ್ತಿತ್ತು.

"ಅಂಚಿಗೆ ಬಂದ್ರ ಕೈ ತಾನಾ ಸಣ್ಣ ಸುತ್ತು ಹಾಕತೈತ್ರಿ," ಎಂದಳು. "ನಿಮ್ಮ ಗಾಲಿಗೆ ಸಣ್ಣ ಆಗಾಕ ಬರಾದಿಲ್ಲೇನು? ಈ ಗೂಟ ಒಂದಾ ಕಡೆ ಯಾಕ ಬಡದೀರಿ? ಹಿಂದ ಮುಂದ ಸರಿಯಂಗ ಮಾಡ್ರಿ. ಸರಿಸೋದು ಹೆಬ್ಬೆಟ್ಟಿಗೆ ಸಿಗಬೇಕು, ಕೆಲಸ ನಿಲ್ಲಬಾರದು."

ಅವನು ಹಾಗೆಯೇ ಮಾಡಿದ. ಗೂಟವನ್ನು ಒಂದು ಸೀಳಿನಲ್ಲಿ ಕೂರಿಸಿ, ಹಿಡಿಕೆಯ ಮೇಲೆ ಒಂದು ಸಣ್ಣ ಮೀಟುಗೋಲು ಇಟ್ಟ. ಒತ್ತಿದರೆ ಗೂಟ ನಡುವಿಗೆ ಸರಿದು ಸುತ್ತು ಕಿರಿದಾಗುತ್ತಿತ್ತು, ಬಿಟ್ಟರೆ ಹಿಗ್ಗುತ್ತಿತ್ತು. ಕೊಪ್ಪರಿಗೆ ಅಂಚಿನವರೆಗೂ ಹುಣ್ಣಿಮೆಯ ಚಂದ್ರನಾಯಿತು. ಆ ದಿನ ಅವರಿಬ್ಬರೂ ಅದರಲ್ಲಿ ತಮ್ಮ ಮುಖ ನೋಡಿಕೊಂಡರು.

ಇಂಥದ್ದಕ್ಕೆ ಕಲ್ಕತ್ತೆಯಲ್ಲಿ ಪೇಟೆಂಟು ಎಂಬ ಕಾಗದ ಕೊಡುತ್ತಾರೆ, ಕಂಡುಹಿಡಿದವನ ಹೆಸರು ಸರ್ಕಾರದಲ್ಲಿ ಶಾಶ್ವತವಾಗಿ ದಾಖಲಾಗುತ್ತದೆ ಎಂದು ತಿಳಿದಾಗ ಭರಮಣ್ಣ ವಕೀಲ ವೆಂಕೋಬರಾಯರ ಕಚೇರಿಗೆ ಹೋದ. ರಾಯರು ಒಳ್ಳೆಯವರು, ನಶ್ಯದ ಚಟ ಬಿಟ್ಟರೆ ದೋಷವಿಲ್ಲದವರು. ಎಲ್ಲ ಬರೆದುಕೊಂಡು, ಇದನ್ನು ಕಂಡುಹಿಡಿಯುವುದರಲ್ಲಿ ಬೇರೆ ಯಾರದಾದರೂ ಕೈ ಉಂಟೇ, ಇದ್ದರೆ ಹೆಸರು ಹೇಳು ಎಂದರು. ಜಮಖಾನದ ಮೇಲೆ ಕಕ್ಷಿದಾರರು ಸಾಲಾಗಿ ಕೂತಿದ್ದರು. ಅಷ್ಟು ಗಂಡಸರ ಮುಂದೆ ಹೆಂಡತಿಯ ಹೆಸರು ಹೇಳುವುದುಂಟೇ? ಅವನ ಕಿವಿ ಕೆಂಪಾದವು. ಇಲ್ರಿ ಎಂದುಬಿಟ್ಟ. ಮೊದಲ ಮತ್ತು ನಿಜವಾದ ಸಂಶೋಧಕ ತಾನೊಬ್ಬನೇ ಎಂಬ ಸಾಲಿನ ಕೆಳಗೆ ರುಜು ಬಿತ್ತು. ಕದಿಯಬೇಕೆಂದು ಹೇಳಿದ ಸುಳ್ಳಲ್ಲ ಅದು, ನಾಚಿಕೆಯ ಸುಳ್ಳು. ಬಾಯಿಂದ ಜಾರಿದ ಮೇಲೆ ಸುಳ್ಳು ಸುಳ್ಳೇ.

ಅರ್ಜಿ ಹೋದ ಮೇಲೆ ಯಂತ್ರವನ್ನು ಕಂಪ್ಲಿಗೆ ಒಯ್ದರು. ಅಲ್ಲಿ ಕಬ್ಬು ಅರೆಯುವ ಎಂಜಿನ್ನುಗಳು ಬಂದಿದ್ದವು. ಗಾಣದಿಂದ ಗಾಣಕ್ಕೆ ಯಂತ್ರ ಓಡಾಡಿತು, ಊರಿಗೆ ಊರೇ ನಿಂತು ನೋಡಿತು. ಅತ್ತ ಕಲ್ಕತ್ತೆಯಲ್ಲಿ ಪರೀಕ್ಷಾಧಿಕಾರಿಯೊಬ್ಬ ಭರಮಣ್ಣನ ಯಂತ್ರವನ್ನು ಕಾಗದದ ಮೇಲೆಯೇ ಬಿಚ್ಚಿ, ದೇಶವಿದೇಶದ ಹಳೆಯ ಯಂತ್ರಗಳ ಪಕ್ಕದಲ್ಲಿಟ್ಟು ನೋಡುತ್ತಿದ್ದ. ಆ ದಿನಗಳಲ್ಲಿ ಭರಮಣ್ಣ ತಿದಿ ಒತ್ತುವುದನ್ನೂ ಮರೆತು ಕೂರುತ್ತಿದ್ದ. ತಾನು ಕಾಣದ ಊರಿನಲ್ಲಿ, ಎತ್ತರದ ಕಿಟಕಿಯ ಬೆಳಕಿನಲ್ಲಿ, ಯಾರೋ ತನ್ನ ಸುತ್ತನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡುತ್ತಿದ್ದಾರೆ ಎಂದು ನೆನೆದರೆ ಅವನಿಗೆ ಮೈ ಹಗುರಾಗುತ್ತಿತ್ತು.

ಉತ್ತರ ಬಂತು. ರಾಯರು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದರು. ಮಡಚುವ ತೋಳು ಹೊಸದಲ್ಲ. ನಡುವಿನಿಂದ ಸರಿಸಿದ ಗೂಟದ ಸುತ್ತೂ ಹೊಸದಲ್ಲ, ಕಲ್ಲು ತಿಕ್ಕಲು ವಿಲಾಯತಿಯಲ್ಲಿ ಎಂದೋ ಮಾಡಿದ್ದಾರೆ. ಆದರೆ ಕೆಲಸ ನಡೆಯುತ್ತಿರುವಾಗಲೇ ಹೆಬ್ಬೆಟ್ಟಿನಿಂದ ಸುತ್ತನ್ನು ಹಿಗ್ಗಿಸುವ, ಕುಗ್ಗಿಸುವ ಏರ್ಪಾಡು ಅಧಿಕಾರಿಗೆ ಬೇರೆಲ್ಲೂ ಸಿಗಲಿಲ್ಲ. ಅದಕ್ಕೆ ಮಾತ್ರ ಪೇಟೆಂಟು ಕೊಡಬಹುದು.

"ಉಳಿದದ್ದು ಹೋದ್ರ ಹೋಗ್ಲಿ," ಎಂದರು ರಾಯರು ಸಂತೋಷದಿಂದ. "ಆ ಒಂದರ ಮ್ಯಾಲೆ ನಿನ್ನ ಹೆಸರು ನಿಂತಂಗ."

ಭರಮಣ್ಣ ಎದ್ದು ಹೊರಟ. ಕಾಲುಗಳು ತಾವಾಗಿಯೇ ಅವನನ್ನು ಚಕ್ರತೀರ್ಥಕ್ಕೆ ಒಯ್ದವು. ಎಲೆ ಸುತ್ತುತ್ತಿತ್ತು, ಹೊಳೆ ಸುತ್ತುತ್ತಿತ್ತು. ಅವನ ಕನಸೆಂದು ಅವನು ನಂಬಿದ್ದನ್ನೆಲ್ಲ ಕಲ್ಕತ್ತೆಯವರು ಜರಡಿ ಹಿಡಿದು ಚೆಲ್ಲಿದ್ದರು. ಜರಡಿಯಲ್ಲಿ ನಿಂತದ್ದು ಅವಳ ಮಣಿಕಟ್ಟಿನ ಸಣ್ಣ ಸುತ್ತು ಒಂದೇ. ಸುತ್ತಲಿನ ಗುಡಿಗಳನ್ನು ನೋಡಿದ. ಮಾಡಿದವರ ಹೆಸರು ಬಿಟ್ಟರು ಎಂದು ರಾಜರನ್ನು ಇಷ್ಟು ದಿನ ಬೈದದ್ದು ನೆನಪಾಯಿತು. ತಾನೂ ಮಾಡಿದ್ದು ಅದನ್ನೇ. ರಾಜರಿಗಾದರೂ ಆ ಕಲ್ಲುಕುಟಿಗರ ಗುರುತಿರಲಿಲ್ಲವೇನೋ, ಇವಳು ತನ್ನ ಒಲೆಯ ಮುಂದೆ ಇರುವವಳು. ಅವನಿಗೆ ಅಳು ಬಂತು, ಅತ್ತ.

ಮರುದಿನ ಹೆಂಡತಿಯನ್ನು ಕರೆದುಕೊಂಡು ಕಚೇರಿಗೆ ಹೋದ. ಅವಳು ಹೊರಗೆ ಕಟ್ಟೆಯ ಮೇಲೆ ಕೂತಳು. ಅವನು ಒಳಗೆ ಹೋಗಿ, ನೀವು ಹೇಳಿದ ಆ ಒಂದು ನಂದಲ್ರಿ, ನಮ್ಮ ಮನೆಯಾಕಿದು ಎಂದ. ರಾಯರು ಎಲ್ಲ ಕೇಳಿ, ಕನ್ನಡಕ ತೆಗೆದು, ತಾಳ್ಮೆಯಿಂದ ತಿಳಿಸಿದರು: ರುಜು ಮಾಡಿದ ಮಾತು ಸುಳ್ಳೆಂದರೆ ಈ ಅರ್ಜಿ ಹಿಂದಕ್ಕೆ ಪಡೆಯಬೇಕು. ಹೊಸದನ್ನು ಹಾಕಿದರೂ ಸಿಗುವುದಿಲ್ಲ, ಯಂತ್ರವನ್ನು ಈಗಾಗಲೇ ಕಂಪ್ಲಿಯ ಮಂದಿಯೆಲ್ಲ ನೋಡಿಯಾಗಿದೆ. ಸುಮ್ಮನಿದ್ದರೆ ಕಾಗದ ಬರುತ್ತದೆ, ಬಾಯಿಬಿಟ್ಟರೆ ಯಾರಿಗೂ ಇಲ್ಲ. ನಿನ್ನ ಮನೆಯಾಕೆ ಏನಾದರೂ ತಕರಾರು ಮಾಡುತ್ತಾಳೆಯೇ ಎಂದರು. ಇಲ್ಲ, ಪಾಪ, ಹೆಸರು ನಿಮ್ಮದೇ ಇರಲಿ ಎಂದು ರಾತ್ರಿಯೇ ನನಗೆ ಅಂದಳು ಎಂದ ಭರಮಣ್ಣ. ಅಂದವಳು ಆಮೇಲೆ ತನ್ನ ಅಂಗೈಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿಕೊಂಡಿದ್ದಳು. ಅದನ್ನು ಅವನು ರಾಯರಿಗೆ ಹೇಳಲಿಲ್ಲ.

"ಹಿಂದಕ್ಕ ತಗೊಂಡುಬಿಡ್ರಿ," ಎಂದ.

ರಾಯರು ನಿಟ್ಟುಸಿರು ಬಿಟ್ಟು ಕಾಗದ ಎಳೆದುಕೊಂಡರು. ಕಾರಣ ಬರೆಯಬೇಕು, ಆಕೆಯ ಹೆಸರೇನು ಎಂದರು. ಜಮಖಾನದ ಮೇಲಿನ ಕಕ್ಷಿದಾರರು ಕತ್ತೆತ್ತಿದರು. ಭರಮಣ್ಣ ಎದ್ದು ನಿಂತ. ಮದುವೆಯ ದಿನದಂತೆಯೇ ಬಾಯಿ ತೆರೆದ, ಮುಚ್ಚಿದ. ಆಮೇಲೆ, ಕಚೇರಿಯನ್ನೇ ಹೊಸ್ತಿಲು ಮಾಡಿಕೊಂಡವನಂತೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಕಬ್ಬಿನ ಗಾಣಕ್ಕ ಕಂಪ್ಲಿ ಊರು ಚೆಂದ,
ಕೊಪ್ಪರಿಗಿ ಅಂಚಿಗೆ ಸಣ್ಣ ಸುತ್ತು ಚೆಂದ,
ಸುತ್ತು ಕಲಿಸಿದ ನಮ್ಮ ಹೊಳೆಮ್ಮನ ಕೈ ಚೆಂದ."

ಯಾರೂ ನಗಲಿಲ್ಲ. ರಾಯರು ಬರೆಯುವುದನ್ನು ಮರೆತು ಅವನನ್ನೇ ನೋಡಿದರು, ಆಮೇಲೆ ಬರೆದರು. ಅರ್ಜಿ ಹಿಂದಕ್ಕೆ ಬಂತು, ಕಲ್ಕತ್ತೆಯ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ಸುಗ್ಗಿಗೆ ಕಂಪ್ಲಿಯ ಕಮ್ಮಾರರು ಆ ಯಂತ್ರವನ್ನು ನೋಡಿ ತಾವೂ ಮಾಡಿಕೊಂಡರು. ಅದು ಯಾರದೆಂದು ಯಾರೂ ಕೇಳಲಿಲ್ಲ, ಅದಕ್ಕೊಂದು ಹೆಸರೂ ಬೀಳಲಿಲ್ಲ. ಭರಮಣ್ಣ ಮೊದಲಿನಂತೆಯೇ ಸುತ್ತಿಗೆ ಎತ್ತಿ ನಿಂತು ಕನಸು ಕಾಣುತ್ತ ಬದುಕಿದ.

ಆದರೆ ಕಚೇರಿಯಿಂದ ಬಂದ ಆ ಸಂಜೆ ನಡೆದದ್ದೊಂದಿದೆ. ಕಟ್ಟೆಯ ಮೇಲೆ ಕೂತವಳಿಗೆ ಕೇಳಿಸಿತೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ಮನೆ ಬಂತು. ಅವಳು ಮುಂದೆ ಹೋಗಿ ಹೊಸ್ತಿಲ ಮೇಲೆ ನಿಂತು, ಗೆರೆಯಿಲ್ಲದ ಅಂಗೈಯನ್ನು ಚೌಕಟ್ಟಿಗೆ ಊರಿ ದಾರಿ ಕಟ್ಟಿದಳು. ಮುದುಕಿ ದುರುಗವ್ವ ತನ್ನ ಬಾಗಿಲಿಂದ ಇಣುಕಿದಳು.

"ಅಲ್ಲಿ ಹೇಳಿದ್ದು ವಕೀಲರಿಗೆ," ಎಂದಳು ಹೊಳೆಮ್ಮ. ಅವಳ ಕಣ್ಣು ತುಂಬಿದ್ದವು. "ಇಲ್ಲಿ ನನಗ ಹೇಳ್ರಿ."

ಭರಮಣ್ಣ ಹೇಳಿದ. ಅವಳು ಕೈ ತೆಗೆದಳು, ಅವನು ಒಳಗೆ ಹೋದ.