ಅಂಗೈಯಷ್ಟು ಸಾಂಬಾರ್

ಕೆಲಸ ಮುಗಿಸಿ ಮನೆಗೆ ಹೊರಟವನು ಗಿಂಡಿ ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲಲ್ಲಿ ಅರ್ಧಕ್ಕೆ ನಿಂತೆ. ಎಡ ಮೊಣಕಾಲು ಮೇಲೇಳಲಿಲ್ಲ. ಉಸಿರು ಸಾಲಲಿಲ್ಲ. ಹಿಂದಿನಿಂದ ಬರುವವರು ಬೈಯಬಾರದೆಂದು ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟುಕೊಂಡೆ. ಯಾರೂ ಫೋನ್ ಮಾಡಿರಲಿಲ್ಲ. ಎರಡು ನಿಮಿಷ "ಹಾಂ, ಹಾಂ" ಎನ್ನುತ್ತ ನಿಂತು, ಆಮೇಲೆ ಕಂಬಿ ಹಿಡಿದು ಹತ್ತಿದೆ.

ಹದಿನೈದು ದಿನ ಇದೇ ನಾಟಕ ಆಡಿದೆ. ಮನೆಯಲ್ಲಿ ಹೇಳಲಿಲ್ಲ.

ನನಗೆ ಅರವತ್ತೆರಡು. ಊರು ಉಡುಪಿಯ ಹತ್ತಿರ. ಮೂವತ್ತು ವರ್ಷದಿಂದ ಗಿಂಡಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮುಖ್ಯ ಅಡುಗೆಯವನು. ತಮಿಳಿನವರಿಗೆ ಮಾಸ್ಟರ್, ನಮ್ಮವರಿಗೆ ಭಟ್ರು. ಬೆಳಿಗ್ಗೆ ನಾಲ್ಕೂವರೆಗೆ ಒಲೆ ಹಚ್ಚಿದರೆ ಬಿಡುಗಡೆ ಮಧ್ಯಾಹ್ನ ಮೂರಕ್ಕೆ. ಅಷ್ಟು ಹೊತ್ತೂ ನಿಂತೇ ಇರುವುದು. ಕೂತು ಮಾಡುವ ಅಡುಗೆ ನನಗೆ ಗೊತ್ತಿಲ್ಲ.

ಹದಿನಾರನೆಯ ದಿನ ಹೆಂಡತಿ ಸುಮತಿಯ ಕೈಗೆ ಸಿಕ್ಕಿಬಿದ್ದೆ. ಪಲ್ಲಾವರಂನ ನಮ್ಮ ಮನೆ ಮೊದಲ ಮಹಡಿಯಲ್ಲಿದೆ. ಮೆಟ್ಟಿಲ ಮಧ್ಯೆ ನಿಂತು "ಹಾಂ, ಹಾಂ" ಎನ್ನುತ್ತಿದ್ದಾಗ ಕಿವಿಯಲ್ಲೇ ಫೋನ್ ಹೊಡೆದುಕೊಂಡಿತು. ಮಾಡಿದವಳು ಅವಳೇ, ಮೇಲಿನಿಂದ.

"ಯಾರತ್ರ ಮಾತಾಡೂದು ಮಾರಾಯ್ರೆ ನೀವು?" ಎಂದು ಬಗ್ಗಿ ನೋಡಿದಳು. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಎಕ್ಸ್‌ರೇ ಆಯಿತು, ಬ್ಲಡ್ ಟೆಸ್ಟ್ ಆಯಿತು, ಹೊಟ್ಟೆಯ ಸ್ಕ್ಯಾನ್ ಆಯಿತು. ಡಾಕ್ಟರ್ ತಮಿಳಿನ ಹೆಂಗಸು, ನಿಧಾನವಾಗಿ ಮಾತಾಡುವವರು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. ತೂಕ ತೊಂಬತ್ತೇಳು ಕಿಲೋ. ಮೊಣಕಾಲಿನ ಕಾರ್ಟಿಲೇಜ್ ಸವೆದಿದೆ. ಶುಗರ್ ಗಡಿಯಲ್ಲಿದೆ. ಲಿವರಿನಲ್ಲಿ ಕೊಬ್ಬಿದೆ. ಈಗಲೇ ಆಪರೇಷನ್ ಮಾತು ಬೇಡ, ಆರು ತಿಂಗಳು ನಡೆದು, ಊಟ ಸರಿ ಮಾಡಿಕೊಂಡು ತೂಕ ಇಳಿಸಿ.

"ಇಳಿಯದಿದ್ದರೆ?" ಎಂದು ಕೇಳಿದೆ.

"ಇನ್ನೊಂದು ವರ್ಷಕ್ಕೆ ಹತ್ತು ಗಂಟೆ ನಿಲ್ಲುವ ಕೆಲಸ ನಿಮ್ಮಿಂದ ಆಗಲಿಕ್ಕಿಲ್ಲ."

ನಿಲ್ಲಲಾಗದ ಅಡುಗೆಯವನಿಗೆ ಹೋಟೆಲಿನಲ್ಲಿ ಶಾಲು ಹೊದಿಸಿ ಊರಿಗೆ ಕಳಿಸುತ್ತಾರೆ. ನನಗಿಂತ ಮೊದಲಿದ್ದವರಿಗೆ ಶಾಲು ಹೊದಿಸುವಾಗ ನಾನೇ ಮುಂದೆ ನಿಂತು ಚಪ್ಪಾಳೆ ತಟ್ಟಿದ್ದೆ. ಆ ದಿನ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ನನಗೆ ಹೆದರಿಕೆಯಾಯಿತು. ಕಾಲಿನ ಬಗ್ಗೆ ಅಲ್ಲ, ಆ ಅಡುಗೆಮನೆ ಕೈತಪ್ಪುತ್ತದಲ್ಲ ಎಂದು.

ನಡೆಯಲು ಶುರು ಮಾಡಿದೆ. ಸಂಜೆ ಆರಕ್ಕೆ ಕಂಟೋನ್ಮೆಂಟಿನ ಮರದ ನೆರಳಿನ ರಸ್ತೆಗಳಲ್ಲಿ ಮೊದಲು ಹತ್ತು ನಿಮಿಷ, ಆಮೇಲೆ ಹದಿನೈದು, ಎರಡು ತಿಂಗಳಿಗೆ ಮುಕ್ಕಾಲು ಗಂಟೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು ಎಂದಿದ್ದರು ಡಾಕ್ಟರ್. ಸುಮತಿ ಜೊತೆಗೆ ಬರುತ್ತಿದ್ದಳು. ಮೊದಲ ವಾರ ಅವಳು ಮಾತಾಡಿದಳು, ನಾನು ಏದುಸಿರು ಬಿಟ್ಟೆ. ಇಷ್ಟು ವರ್ಷ ನಾನು ಮನೆಗೆ ಬರುತ್ತಿದ್ದದ್ದು ಮಲಗಲಿಕ್ಕೆ ಮಾತ್ರ ಎಂಬುದು ಆಗ ಗೊತ್ತಾಯಿತು. ಅವಳ ಬಳಿ ಹೇಳಲು ಅಷ್ಟೊಂದು ವಿಷಯವಿತ್ತು. ಸಂತೆಯ ದಿನ ಅವಳು ಬೆಂಡೆಕಾಯಿ ಮುರಿದು ನೋಡುತ್ತ ನಿಂತರೆ, ಪುಕ್ಕಟೆ ವಿಶ್ರಾಂತಿ ಸಿಕ್ಕಿತೆಂದು ನನಗೆ ಖುಷಿ. ಮನೆಯಲ್ಲಿ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಕೂರುವುದು. ಅದನ್ನೂ ಮಾಡಿದೆ.

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಡಯಟಿಷಿಯನ್ ಹೆಂಗಸು ಒಂದು ನೋಟ್‌ಬುಕ್ ಇಡಲು ಹೇಳಿದ್ದರು. ಬಾಯಿಗೆ ಹೋದದ್ದೆಲ್ಲ ಬರೆಯಬೇಕು. ಬರೆದೆ. ಬೆಳಿಗ್ಗೆ ಎರಡು ಇಡ್ಲಿ, ವಡೆ ಇಲ್ಲ. ಮಧ್ಯಾಹ್ನ ಒಂದು ಕಪ್ ಅನ್ನ, ಪಲ್ಯ, ಮಜ್ಜಿಗೆ. ರಾತ್ರಿ ಎರಡು ಚಪಾತಿ, ಹೆಸರುಕಾಳು. ಸಕ್ಕರೆ ಬಿಟ್ಟೆ. ಊಟವಾದ ಮೇಲಿನ ಬಾಳೆಹಣ್ಣು ಬಿಟ್ಟೆ. ಒಂದು ದಿನವೂ ತಪ್ಪಲಿಲ್ಲ.

ಮೂರು ತಿಂಗಳ ಮೇಲೆ ತೂಕ ತೊಂಬತ್ತೇಳೂವರೆ.

ಡಯಟಿಷಿಯನ್ ನೋಟ್‌ಬುಕ್ ತಿರುವಿ ಹಾಕಿ, "ಸರ್, ಇದರಲ್ಲಿ ಬರೆಯದೆ ಬಿಟ್ಟದ್ದು ಏನಾದರೂ ಇದೆಯಾ?" ಎಂದರು. ನನಗೆ ಮೈ ಉರಿಯಿತು. ನನ್ನನ್ನು ಕದ್ದು ತಿನ್ನುವವನು ಎಂದುಕೊಂಡಿದ್ದಾರೆ! ದೇವರ ಮೇಲೆ ಆಣೆ ಹಾಕಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಅಕ್ಷತಾ ನಡುವೆ ಬಂದಳು. ಶೋಳಿಂಗನಲ್ಲೂರಿನ ಆಫೀಸಿಗೆ ರಜೆ ಹಾಕಿ, ನನ್ನನ್ನು ಕರೆದುಕೊಂಡು ಹೋಗಲು ಆ ದಿನ ಹೋಟೆಲಿಗೇ ಬಂದಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಇಪ್ಪತ್ತು ನಿಮಿಷ ಕಾದಿದ್ದಳು. ನಾವು ಕನ್ನಡದಲ್ಲಿ ಹೇಳಿದ್ದಕ್ಕೆ ಅವಳ ಉತ್ತರ ಯಾವಾಗಲೂ ತಮಿಳಿನಲ್ಲೇ.

"ಅಪ್ಪಾ, ಟೇಸ್ಟ್ ಪಾಕ್ಕರದು ಸಾಪ್ಪಾಡು ಇಲ್ಲೆಯಾ? ಇರುಬದು ನಿಮಿಷತ್ತುಲೆ ಒಂಬದು ತಡವೆ!"

ರುಚಿ ನೋಡುವುದು ಊಟ ಅಲ್ಲವಾ, ಇಪ್ಪತ್ತು ನಿಮಿಷದಲ್ಲಿ ಒಂಬತ್ತು ಸಲ ನೋಡಿದಿರಿ ಎಂದಳು.

"ಅದು ಊಟ ಹೇಗಾಗ್ತದೆ? ಅದು ಕೆಲಸ" ಎಂದೆ. ಇಬ್ಬರೂ ಹೆಂಗಸರು ಮುಖ ಮುಖ ನೋಡಿಕೊಂಡರು.

ಮರುದಿನ ಕೆಲಸದ ಹೊತ್ತಿನಲ್ಲಿ ನನ್ನ ಪಕ್ಕದಲ್ಲಿ ಒಂದು ಲೀಟರಿನ ಸ್ಟೀಲ್ ಡಬ್ಬಿ ಇಟ್ಟುಕೊಳ್ಳಬೇಕೆಂದು ಡಯಟಿಷಿಯನ್ ಹೇಳಿದರು. ಪ್ರತಿ ಸಲ ಎಷ್ಟು ರುಚಿ ನೋಡುತ್ತೇನೋ ಅಷ್ಟನ್ನೇ ಡಬ್ಬಿಗೂ ಹಾಕಬೇಕು. ಸೌಟಿಗೆ ಬಾಯಿ ತಾಗಿಸಿದರೆ ಎಂಜಲು, ಆದ್ದರಿಂದ ನಾವು ಅಂಗೈಗೆ ಸುರಿದುಕೊಂಡು ರುಚಿ ನೋಡುತ್ತೇವೆ. ನನ್ನ ಅಂಗೈ ಅಗಲವಾದದ್ದು. ಸಾಂಬಾರಿಗೆ ಉಪ್ಪು ಹಾಕುವಾಗ ಒಮ್ಮೆ, ಹುಳಿ ಕುದಿದ ಮೇಲೆ ಒಮ್ಮೆ, ಒಗ್ಗರಣೆಯಾದ ಮೇಲೆ ಒಮ್ಮೆ. ಎರಡು ಬಗೆಯ ಚಟ್ನಿ. ತುಪ್ಪ ಸುರಿದ ಪೊಂಗಲ್. ಕೇಸರಿಬಾತ್. ಮೊದಲ ಎಣ್ಣೆಯಲ್ಲಿ ತೆಗೆದ ವಡೆಯ ಒಂದು ಚೂರು. ಡಿಕಾಕ್ಷನ್ ಸರಿಯಿದೆಯೋ ಎಂದು ಅರ್ಧ ಲೋಟ ಕಾಫಿ. ಮಧ್ಯಾಹ್ನದ ಊಟಕ್ಕೆ ಇವೆಲ್ಲ ಹೊಸದಾಗಿ, ಮೇಲೆ ಪಾಯಸ.

ಹನ್ನೊಂದು ಗಂಟೆಗೆ ಡಬ್ಬಿ ಅರ್ಧ ದಾಟಿತ್ತು. ಮೂರಕ್ಕೆ ಮುಚ್ಚಳ ಹಾಕಲು ಆಗಲಿಲ್ಲ.

ಮನೆಗೆ ತಂದು ಮೇಜಿನ ಮೇಲಿಟ್ಟೆ. ಸಾಂಬಾರಿನಲ್ಲಿ ಕೇಸರಿಬಾತ್ ಕರಗಿ, ಅದರ ಮೇಲೆ ವಡೆಯ ಚೂರುಗಳು ಉಬ್ಬಿ ತೇಲುತ್ತಿದ್ದವು. ಸುಮತಿ ಮೂಗು ಮುಚ್ಚಿಕೊಂಡು, "ದನ ಸಹ ಮೂಸ್ಲಿಕ್ಕಿಲ್ಲ ಇದನ್ನ. ದಿನಾ ಇಷ್ಟು ಒಳಗೆ ಹೋಗ್ತದಾ ನಿಮ್ಗೆ?" ಎಂದಳು. ನೋಟ್‌ಬುಕ್ಕಿನಲ್ಲಿ ನಾನು ಒಂದೂ ಸುಳ್ಳು ಬರೆದಿರಲಿಲ್ಲ. ಮೂವತ್ತು ವರ್ಷ ದಿನಕ್ಕೊಂದು ಊಟ ಹೆಚ್ಚು ಉಂಡು, ಅದನ್ನು ಊಟವೆಂದು ತಿಳಿಯದೇ ಹೋದವನಿಗೆ ಏನು ಹೇಳುವುದು? ನಾಚಿಕೆಯಾಯಿತು.

ರುಚಿ ನೋಡಿ ಉಗುಳಬಹುದಲ್ಲ ಎಂದು ಡಯಟಿಷಿಯನ್ ಕೇಳಿದರು. ಅಡುಗೆಮನೆಯಲ್ಲಿ ನಿಂತು ಅನ್ನ ಉಗುಳುವುದು ನನ್ನ ಕೈಲಾಗುವ ಕೆಲಸವಲ್ಲ. ಬೇರೆ ದಾರಿ ನನಗೆ ಗೊತ್ತಿದೆ ಎಂದೆ. ನಾನು ಕೆಲಸ ಕಲಿತದ್ದು ದೇವಸ್ಥಾನದ ಅಡುಗೆಯಲ್ಲಿ. ನೈವೇದ್ಯಕ್ಕೆ ಮೊದಲು ಅಲ್ಲಿ ಯಾರೂ ರುಚಿ ನೋಡುವುದಿಲ್ಲ. ಪರಿಮಳದಲ್ಲಿ, ಬಣ್ಣದಲ್ಲಿ, ಕುದಿಯುವ ಸದ್ದಿನಲ್ಲೇ ಹದ ಗೊತ್ತಾಗಬೇಕು. ಹಾಗೆಯೇ ಮಾಡುತ್ತೇನೆಂದು ಜಂಬದಿಂದ ಹೊರಟೆ.

ಮೂರು ದಿನ ನಡೆಯಿತು. ನಾಲ್ಕನೆಯ ದಿನ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ.

ಎಂಟು ಗಂಟೆ, ಹಾಲ್ ಪೂರ್ತಿ ಜನ. ಒಬ್ಬೊಬ್ಬರಾಗಿ ಬಟ್ಟಲು ದೂಡಿದರು. ಹೊಸ ಸಾಂಬಾರ್ ಆಗುವವರೆಗೆ ಇಡ್ಲಿಗೆ ಬರೀ ಚಟ್ನಿ ಬಡಿಸಿದರು. ನಾನು ಆ ಹೋಟೆಲಿಗೆ ಬಂದ ಮೇಲೆ ಅಂಥ ದಿನ ಬಂದಿರಲಿಲ್ಲ. ಸಾಹುಕಾರರು ಒಳಗೆ ಬಂದರು. ಬೈದಿದ್ದರೆ ಒಳ್ಳೆಯದಿತ್ತು.

"ಭಟ್ರೆ, ನಿಮ್ಮ ಆರೋಗ್ಯ ಮುಖ್ಯ, ನೀವು ರುಚಿ ನೋಡ್ಬೇಡಿ" ಎಂದರು. "ಆದ್ರೆ ಯಾರಾದ್ರೂ ನೋಡ್ಬೇಕಲ್ಲ?"

ಯಾರಾದರೂ ಎಂದರೆ ಸದಾಶಿವ. ಕುಂದಾಪುರದ ಕಡೆಯವನು, ನಲವತ್ತೆಂಟು ವರ್ಷ, ಹನ್ನೊಂದು ವರ್ಷದಿಂದ ನನ್ನ ಕೈಕೆಳಗಿನ ಎರಡನೇ ಅಡುಗೆಯವನು. ಇಷ್ಟು ವರ್ಷದಲ್ಲಿ ಒಂದು ದಿನವೂ ಅವನ ಅಭಿಪ್ರಾಯ ನಾನು ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಸೌಟನ್ನು ಅವನ ಅಂಗೈಗೆ ಬಗ್ಗಿಸಿದೆ.

"ಸರಿ ಇತ್ತ್, ಭಟ್ರೆ" ಎಂದ; ಅವನ ಊರಿನಲ್ಲಿ 'ಇದೆ'ಗೆ 'ಇತ್ತ್' ಎನ್ನುತ್ತಾರೆ. ಒಂದು ವಾರ ಪೂರ್ತಿ ಅದನ್ನೇ ಹೇಳಿದ.

ಎಂಟನೆಯ ದಿನ ನಾನು ರೇಗಿದೆ. "ನನ್ನ ಮುಖ ನೋಡಿ ಹೇಳ್ಬೇಡ ಮಾರಾಯ. ಇದ್ದದ್ದು ಹೇಳು."

ಅವನು ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಒಲೆಯ ಕಡೆ ನೋಡುತ್ತ ಹೇಳಿದ: "ಹುಳಿ ಒಂಚೂರ್ ಜಾಸ್ತಿ ಇತ್ತ್."

"ಇವತ್ತಾ?"

"ಹನ್ನೊಂದ್ ವರ್ಷದಿಂದ್ಲೂ."

ಆ ದಿನ ಸಂಜೆಯ ವಾಕಿಂಗಿನಲ್ಲಿ ಸುಮತಿಗೆ ದೂರು ಹೇಳಿದೆ, ಎರಡು ಸುತ್ತು ಮುಗಿದರೂ ದೂರು ಮುಗಿಯಲಿಲ್ಲ. ಎಲ್ಲ ಕೇಳಿಸಿಕೊಂಡು ಅವಳು, "ನಿಮ್ಗೆ ಕಾಲು ಬೇಕಾ, ಹುಳಿ ಬೇಕಾ?" ಎಂದಳು. ನಾನು ಉಸಿರೆಳೆದುಕೊಳ್ಳಲು ನಿಂತವನ ಹಾಗೆ ನಿಂತೆ. ಆದರೆ ಉಸಿರು ಸರಿಯಾಗಿಯೇ ಇತ್ತು.

ಬೆಳಿಗ್ಗೆ ಸದಾಶಿವನಿಗೆ, "ನಿನ್ನ ಹದಕ್ಕೆ ಮಾಡು" ಎಂದೆ.

ಈಗ ಮತ್ತೆ ನಾಲ್ಕು ತಿಂಗಳು ಕಳೆದಿದೆ. ತೂಕ ಎಂಬತ್ತೊಂಬತ್ತು. ಶುಗರ್ ಗಡಿಯಿಂದ ಒಂದು ಹೆಜ್ಜೆ ಹಿಂದೆ ಹೋಗಿದೆ. ಸವೆದ ಕಾರ್ಟಿಲೇಜ್ ಬೆಳೆಯುವುದಿಲ್ಲ, ನೋವು ಪೂರ್ತಿ ಹೋಗಿಲ್ಲ, ಮೋಡದ ದಿನ ಕಾಲು ಬಿಗಿಯುತ್ತದೆ. ಆದರೆ ಹತ್ತು ಗಂಟೆ ನಿಲ್ಲುತ್ತೇನೆ. ಆಪರೇಷನ್ ಸದ್ಯಕ್ಕೆ ಬೇಡ ಎಂದಿದ್ದಾರೆ. ಸದ್ಯಕ್ಕೆ ಎಂಬ ಮಾತನ್ನು ನಾನು ಮರೆಯುವುದಿಲ್ಲ.

ನಿಂತುಕೊಂಡು ತಿನ್ನಬಾರದು, ಹೊತ್ತಿಗೆ ಸರಿಯಾಗಿ ತಟ್ಟೆಯೆದುರು ಕೂತು ತಿನ್ನಬೇಕು ಎಂಬುದು ಡಯಟಿಷಿಯನ್ನರ ಕೊನೆಯ ಆಜ್ಞೆ. ಅಡುಗೆಯವರು ಹಾಲ್‌ನಲ್ಲಿ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಸಾಹುಕಾರರ ಒಪ್ಪಿಗೆ ಪಡೆದು, ಕಳೆದ ವಾರ ಒಂಬತ್ತು ಗಂಟೆಗೆ ಮೂಲೆಯ ಮೇಜಿನಲ್ಲಿ ಕೂತೆ. ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರ್ ತಂದಿಟ್ಟರು. ನಾಲ್ಕು ತಿಂಗಳಿಂದ ಇಡ್ಲಿಗೆ ಚಟ್ನಿ ಮಾತ್ರ, ಆ ಸಾಂಬಾರನ್ನು ನಾನು ಬಾಯಿಗೆ ಹಾಕಿರಲಿಲ್ಲ. ಒಂದು ತುತ್ತು ತಿಂದೆ. ಅದು ನನ್ನ ಸಾಂಬಾರ್ ಆಗಿರಲಿಲ್ಲ. ಹುಳಿ ಹಿಂದೆ ಸರಿದು ಬೇಳೆಯ ಸಿಹಿ ತಿಳಿಯುತ್ತಿತ್ತು.

ಸುತ್ತ ನೋಡಿದೆ. ಯಾರಾದರೂ ಮುಖ ಸಿಂಡರಿಸುತ್ತಾರೋ ಎಂದು. ಎದುರು ಮೇಜಿನ ಮುದುಕರು ಇಪ್ಪತ್ತು ವರ್ಷದ ಗಿರಾಕಿ. ಅವರು ಬಟ್ಟಲು ಬರಿದು ಮಾಡಿ ಇನ್ನೊಂದು ಸಲ ಸಾಂಬಾರ್ ಕೇಳಿದರು. ಉಳಿದವರು ಫೋನ್ ನೋಡುತ್ತ ತಿನ್ನುತ್ತಿದ್ದರು. ಯಾರಿಗೂ ಏನೂ ಬದಲಾದಂತಿರಲಿಲ್ಲ. ನನಗೆ ಸಿಟ್ಟು ಬಂತು. ಆಮೇಲೆ ಅಳು ಬಂತು. ತಲೆ ತಗ್ಗಿಸಿ ಎರಡೂ ಇಡ್ಲಿ ನಿಧಾನವಾಗಿ ತಿಂದು ಮುಗಿಸಿದೆ. ಮೇಜಿಗೆ ಕೈ ಊರದೆ ಎದ್ದು, ಕೈ ತೊಳೆದು ಒಳಗೆ ಹೋದೆ.

ಸದಾಶಿವ ಒಗ್ಗರಣೆಯ ಸೌಟು ಹಿಡಿದುಕೊಂಡೇ ತಿರುಗಿದ.

"ಹ್ಯಾಂಗಿತ್ತ್, ಭಟ್ರೆ?"

"ಹುಳಿ ಈಗ ಸರಿ ಉಂಟು" ಎಂದೆ.